ಚಿಕ್ಕವೆಂಕಟಮ್ಮನಿಗೆ ನಿದ್ದೆ ಬಂದ ರಾತ್ರಿ

ಜಂಗಮಕೋಟೆಯ ಚಿಕ್ಕವೆಂಕಟಮ್ಮನಿಗೆ ಎರಡೂ ಕಿಡ್ನಿ ಕೈಕೊಟ್ಟು ನಾಲ್ಕು ವರ್ಷವಾಗಿತ್ತು. ವಾರಕ್ಕೆರಡು ಸಲ ಗಂಡ ರಾಮಾಂಜಿನಪ್ಪನ ಜೊತೆ ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದಳು. ಸೂಜಿಯ ನೋವನ್ನು ಹೇಗೋ ತಡೆದುಕೊಂಡಿದ್ದಳು. ನಿದ್ದೆಗೇಡು ಮಾತ್ರ ತಡೆಯಲಾಗುತ್ತಿರಲಿಲ್ಲ. ದೀಪ ಆರಿಸಿದರೆ ಸಾಕು, ಮೈಯೆಲ್ಲ ನವೆ, ಕಾಲೊಳಗೆ ಇರುವೆ ಹರಿದಂತೆ.

ನಿದ್ದೆ ಮಾತ್ರೆ ಕೇಳಿದರೆ ಡಾಕ್ಟರು ಬೇಡವೆಂದರು. ನರ್ಸ್ ಶ್ರೀವಲ್ಲಿ ಪಕ್ಕದಲ್ಲಿ ಕೂತು ಹೇಳಿದಳು: "ಮಿಷನ್ ಮೇಲಿರೋವಾಗ ತೂಕಡಿಸ್ಬೇಡಿ ಅಮ್ಮ. ಮಧ್ಯಾಹ್ನದ ಮೇಲೆ ಟೀ ಬಿಟ್ಬಿಡಿ. ರಾತ್ರಿ ಹೆಂಗೇ ಕಳೀಲಿ, ಬೆಳಿಗ್ಗೆ ಅದೇ ಹೊತ್ತಿಗೆ ಎದ್ದು ಬಿಸಿಲಿಗೆ ಹೋಗಿ. ನಿದ್ದೆ ಬರ್ಲಿಲ್ಲಾಂದ್ರೆ ಹೊರಳಾಡ್ಬೇಡಿ, ಎದ್ದು ಕೂತ್ಕೊಳ್ಳಿ."

ಅವಳಿಗಿಂತ ಹೆಚ್ಚು ಮನಸ್ಸಿಟ್ಟು ಕೇಳಿದವನು ರಾಮಾಂಜಿನಪ್ಪ. ಟೀ ಅವನೂ ಬಿಟ್ಟ. ಆಸ್ಪತ್ರೆಯಲ್ಲಿ ಅವಳು ತೂಕಡಿಸದ ಹಾಗೆ ಊರ ಸುದ್ದಿ ಹೇಳುತ್ತ ಕೂರುತ್ತಿದ್ದ. ಸುದ್ದಿ ಮುಗಿದರೆ ಸುಳ್ಳು ಹೊಸೆಯುತ್ತಿದ್ದ. ಬೆಳಿಗ್ಗೆ ಆರಕ್ಕೆ ಎಬ್ಬಿಸಿ, ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಕೂರಿಸಿ, ತಾನು ಹುಳಕ್ಕೆ ಸೊಪ್ಪು ಕೊಯ್ಯುತ್ತಿದ್ದ. ರಾತ್ರಿ ಅವಳು ಎದ್ದು ಕೂತರೆ ಅವನೂ ಎದ್ದು ಕೂರುತ್ತಿದ್ದ.

"ನೀನಾದ್ರೂ ಮಲಿಕ್ಕೋಬಾರ್ದಾ?"

"ಒಬ್ಳೇ ಕೂತ್ರೆ ನಿಂಗೆ ಬೇಜಾರಾಗಲ್ವೇನೇ?"

ಹೀಗೆ ಮೂರು ತಿಂಗಳು. ಒಂದು ರಾತ್ರಿ ಅವಳಿಗೆ ಮೈಮರೆತು ನಿದ್ದೆ ಬಂತು. ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲು ಬಿದ್ದಿತ್ತು. ಹಿಗ್ಗಿನಿಂದ ಪಕ್ಕಕ್ಕೆ ತಿರುಗಿ ಅವನ ಭುಜ ಮುಟ್ಟಿದಳು. ತಣ್ಣಗಿತ್ತು. ಒಂದು ಕೈ ಎದೆಯ ಮೇಲಿತ್ತು. ಇನ್ನೊಂದು ಅವಳ ಸೆರಗಿನ ತುದಿಯನ್ನು ಹಿಡಿದಿತ್ತು.

ಸೆರಗೆಳೆದು ತನ್ನನ್ನು ಕರೆದಿದ್ದನೋ, ತನಗೆ ಈಗ ತಾನೆ ನಿದ್ದೆ ಹತ್ತಿದೆಯೆಂದು ಸುಮ್ಮನಾಗಿದ್ದನೋ!

ತಿಥಿ ಕಳೆದ ಮೇಲೂ ಅವಳು ಮಲಗಲಿಲ್ಲ. ನಿದ್ದೆ ಹತ್ತದಿರಲೆಂದು ಗೋಡೆಗೊರಗಿ ಕೂತೇ ಇರುತ್ತಿದ್ದಳು. ಡಯಾಲಿಸಿಸ್ಸನ್ನೂ ಒಂದು ಸಲ ತಪ್ಪಿಸಿದಳು. ಕಾಲು ಊದಿ ಉಸಿರು ಕಟ್ಟತೊಡಗಿದಾಗ ತಿಥಿಗೆ ಬಂದು ಜೊತೆಗೇ ಉಳಿದಿದ್ದ ಮಗಳು ಯಾಮಿನಿ ಕಾರು ಮಾಡಿಸಿಕೊಂಡು ಕರೆದೊಯ್ದಳು. ಶ್ರೀವಲ್ಲಿಯನ್ನು ಕಂಡೊಡನೆ ಚಿಕ್ಕವೆಂಕಟಮ್ಮ ಅವಳ ಕೈ ಹಿಡಿದುಕೊಂಡಳು. "ನಿದ್ದೆ ಬರೋದು ಹೇಳ್ಕೊಟ್ಟೆ ನೀನು. ಬರ್ದೇ ಇರೋದು ಹೆಂಗೆ ಅಂತ ಹೇಳ್ಕೊಡಮ್ಮ ಈಗ."

ಶ್ರೀವಲ್ಲಿ ಆ ಕೈಯನ್ನು ಕೆನ್ನೆಗೊತ್ತಿಕೊಂಡು ಅತ್ತಳು.

ಆ ರಾತ್ರಿ ಮನೆಯಲ್ಲಿ ಯಾಮಿನಿ ತಾಯಿಯ ಪಕ್ಕದಲ್ಲೇ ಚಾಪೆ ಹಾಸಿದಳು.

"ನಿಂಗೇನಾದ್ರೂ ಆದ್ರೆ ನನ್ನ ಎಬ್ಬಿಸ್ತೀಯ ತಾನೆ?"

"ಎಬ್ಬಿಸ್ತೀನಮ್ಮ. ಹೊಡೆದಾದ್ರೂ ಎಬ್ಬಿಸ್ತೀನಿ."

ಮೂರು ಸಲ ಆಣೆ ಮಾಡಿಸಿಕೊಂಡ ಮೇಲೆ ಚಿಕ್ಕವೆಂಕಟಮ್ಮ ಮಲಗಿದಳು. ಎರಡು ಗಂಟೆ ನಿದ್ದೆ ಬಂತು. ಎಚ್ಚರವಾದೊಡನೆ ಮಗಳ ಮೂಗಿನ ಹತ್ತಿರ ಬೆರಳು ಹಿಡಿದಳು. ಉಸಿರು ಬೆಚ್ಚಗೆ ತಾಗಿತು. ಬೆಳಗಾಗುವ ತನಕ ಆ ಬೆರಳನ್ನು ಅವಳು ಅಲ್ಲಿಂದ ತೆಗೆಯಲಿಲ್ಲ.