ಪರದೆಯ ಮೇಲಿನ ಊರು

ಬಸ್ಸು ತಿರುವು ದಾಟಿ ಕೋಟೆಗೋಡೆ ಕಣ್ಣಿಗೆ ಬಿದ್ದದ್ದೇ ತಡ, ಸ್ಟುಡಿಯೋ ಅತ್ತೆ ಸೀಟಿನಿಂದ ಎದ್ದು ನಿಂತುಬಿಟ್ಟಳು. "ಬಂತು! ಬಂತು ಕಣೇ!" ಎಂದು ನನ್ನ ಭುಜ ಹಿಡಿದು ಅಲ್ಲಾಡಿಸಿದಳು.

"ಕೂತ್ಕೊಳ್ಳಿ ಅಮ್ಮಾ, ಊರೇನೂ ಓಡಿಹೋಗಲ್ಲ" ಎಂದ ಕಂಡಕ್ಟರು.

"ನಿಮಗೇನು ಗೊತ್ತು? ಇಷ್ಟು ವರ್ಷ ನನ್ನ ಕೈಗೆ ಸಿಗದೆ ಓಡಾಡ್ತಿತ್ತು ಇದು" ಎಂದಳು. ಕೂರಲಿಲ್ಲ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ನಮ್ಮೂರ ಪೇಟೆಬೀದಿಯ ಫೋಟೋ ಸ್ಟುಡಿಯೋ ಮೊದಲು ಅವಳ ಗಂಡ, ಅಂದರೆ ನಮ್ಮ ಮಾವನದು. ಮಾವ ಹೋದ ಮೇಲೆ ಅವಳೊಬ್ಬಳದೇ. ಅಲ್ಲಿಯ ಒಳಕೋಣೆಯಲ್ಲಿ ಗೋಡೆಯಷ್ಟಗಲದ ಒಂದು ಪರದೆ ಇದೆ. ಅದರ ಮೇಲೆ ಎಡಕ್ಕೆ ಸಮುದ್ರ, ಬಲಕ್ಕೆ ಊರಿನ ಮಾಡುಗಳು, ನಡುವೆ ಉದ್ದಕ್ಕೂ ಹೋಗುವ ಕಲ್ಲಿನ ಗೋಡೆ. ಗೋಡೆಯ ತುದಿಯಲ್ಲಿ ಒಂದು ದುಂಡು ಬುರುಜು. ಬುರುಜಿನ ನೆತ್ತಿಯ ಒಂದು ಕಲ್ಲು ಬಿದ್ದುಹೋಗಿ, ಹಲ್ಲು ಕಿತ್ತ ಬಾಯಿಯಂತೆ ಸಂದು ಕಾಣುತ್ತದೆ. ನಮ್ಮೂರಿನವರೆಲ್ಲ ಒಂದಲ್ಲ ಒಂದು ಸಲ ಅದರ ಮುಂದೆ ನಿಂತವರೇ. ನಾಚಿಕೊಂಡು ನಿಂತ ಹೊಸ ಜೋಡಿಗಳು, ರಂಪ ಮಾಡಿದ ಕೂಸುಗಳು, ದಾರಿಯುದ್ದಕ್ಕೂ ಜಗಳವಾಡಿಕೊಂಡು ಬಂದು ಕ್ಯಾಮೆರಾ ಕಂಡ ಕೂಡಲೇ ಹಲ್ಲು ಬಿಟ್ಟವರು. ನಿಲ್ಲದವಳು ಅತ್ತೆ ಒಬ್ಬಳೇ. "ನಾನು ನಿಂತ್ರೆ ನಿಜವಾದದ್ದರ ಮುಂದೇನೇ" ಎಂಬುದು ಅವಳ ಹಟ.

ಹಟಕ್ಕೆ ಕಾರಣ ಮಾವ. ಅತ್ತೆಯನ್ನು ಮೊದಲ ಸಲ ಮಾತಾಡಿಸಿದ ದಿನ ಅವರು ಜೇಬಿನಿಂದ ಈ ಕೋಟೆಯೂರಿನ ಒಂದು ಫೋಟೋ ತೆಗೆದು, "ಇದನ್ನ ನಾನೇ ಹೋಗಿ ತೆಗೆದದ್ದು. ನಿನ್ನನ್ನೂ ಕರ್ಕೊಂಡು ಹೋಗ್ತೀನಿ" ಎಂದಿದ್ದರಂತೆ. ಅತ್ತೆ ಮನಸೋತದ್ದು ಆ ಫೋಟೋಕ್ಕೆ. ಮುಂದೆ ಅದನ್ನೇ ಬೋರ್ಡು ಬರೆಯುವವನ ಕೈಗೆ ಕೊಟ್ಟು ಪರದೆ ಬರೆಸಿದರು. ಹೋಗುವುದು ಮಾತ್ರ ಆಗಲೇ ಇಲ್ಲ. ಅಂಗಡಿ ಮುಚ್ಚೋಣ ಎಂದುಕೊಂಡಾಗಲೆಲ್ಲ ಯಾರದೋ ಮದುವೆ ಅಡ್ಡ ಬರುತ್ತಿತ್ತು.

ಮಾವ ಒಳ್ಳೆಯವರೇ, ಆದರೆ ಮಹಾ ಗಡಿಬಿಡಿಯ ಆಸಾಮಿ. ಕತ್ತಲೆಕೋಣೆಯಲ್ಲಿ ನೆಗೆಟಿವ್ ಮಗುಚಿಟ್ಟು ಪ್ರಿಂಟು ಹಾಕಿ, ಪೋಸ್ಟ್‌ಮ್ಯಾನ್‌ನ ಎಡಗೆನ್ನೆಯ ಮಚ್ಚೆಯನ್ನು ಬಲಗೆನ್ನೆಗೆ ವರ್ಗ ಮಾಡಿದ ಪುಣ್ಯಾತ್ಮರು. ಅವನ ಹೆಂಡತಿ ಫೋಟೋ ಹಿಡಿದು ಬಂದು "ಇವರ್ಯಾರು?" ಎಂದು ಕೇಳಿದ್ದಳು. ಹಾಗಾಗಿ ಮಾವನ ಮಾತನ್ನು ಊರು ಅರ್ಧವಷ್ಟೇ ನಂಬುತ್ತಿತ್ತು. ಎದುರಂಗಡಿಯ ಕ್ಷೌರದವನಂತೂ ಅದನ್ನೂ ನಂಬುತ್ತಿರಲಿಲ್ಲ. ಈಚೆಗೆ ಅವನ ಭಾವಮೈದ ಈ ಊರು ನೋಡಿ ಬಂದು, ಅಂಥ ಜಾಗವೇ ಅಲ್ಲಿಲ್ಲ ಎಂದು ಸಾರಿದ. "ನಿಮ್ಮ ಯಜಮಾನ್ರು ಅಲ್ಲಿಗೆ ಹೋಗಿದ್ರೆ, ನಾನು ಚಂದ್ರನ ಮೇಲೆ ಹೋಗಿ ಕಟಿಂಗ್ ಮಾಡಿ ಬಂದಿದ್ದೀನಿ ಬಿಡಿ" ಎಂದು ಕ್ಷೌರದವನು ನಕ್ಕ. ಅತ್ತೆಯೂ ನಕ್ಕಳಂತೆ. ಮರುದಿನ ನನಗೆ ಫೋನು ಬಂತು.

"ಎಲ್ಲೋ ಕೊಂಡ ಫೋಟೋ ತೋರಿಸಿ ನನ್ನ ಕೈ ಹಿಡಿದ್ರಾ? ನನಗೆ ಗೊತ್ತಾಗ್ಬೇಕು ಕಣೇ. ಹೊರಡು."

ಹೊರಟೆವು. ಈಗ ಕೋಟೆಬಾಗಿಲಲ್ಲಿ ನಿಂತು ಅತ್ತೆ ಅದರ ಕಲ್ಲನ್ನು ಅಂಗೈಯಿಂದ ಸವರುತ್ತಿದ್ದಳು. ಒಳಗೆ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದಂಥ ಬೀದಿಗಳು. ಮೇಲೆ ಕಿಟಕಿಯಿಂದ ಕಿಟಕಿಗೆ ಒಗೆದ ಬಟ್ಟೆ. ಒಂದು ಮೆಟ್ಟಿಲ ಮೇಲೆ ಬಡಗಿಯ ಉಳಿ, ಇನ್ನೊಂದರ ಮೇಲೆ ಮಲಗಿದ ಬೆಕ್ಕು. ಎಲ್ಲಿ ತಿರುಗಿದರೂ ಕೊನೆಗೆ ಒಂದು ತುಂಡು ನೀಲಿ ಸಮುದ್ರ. ಅತ್ತೆಯ ಕಾಲು ನೆಲದ ಮೇಲಿರಲಿಲ್ಲ. "ಇಲ್ನೋಡು, ಅಲ್ನೋಡು, ಬೆಳಕು ನೋಡೇ ಹೇಗೆ ಬಿದ್ದಿದೆ!" ಅವಳ ಮಂಡಿನೋವು ಎಲ್ಲಿ ಹೋಯಿತೋ, ಹಿಂದೆ ಏದುಸಿರು ಬಿಡುತ್ತಿದ್ದವಳು ನಾನು.

ಬಲೆ ಹೆಣೆಯುತ್ತ ಕೂತಿದ್ದ ಒಬ್ಬ ಹೆಂಗಸಿಗೆ ಅತ್ತೆ ಆ ಹಳೆಯ ಫೋಟೋ ತೋರಿಸಿದಳು. ಅವಳು ಬಹಳ ಹೊತ್ತು ನೋಡಿ, "ನಮ್ಮೂರಿನ ಹಾಗೇ ಇದೆ. ಆದ್ರೆ ಇಂಥ ಜಾಗ ನಾನು ನೋಡಿಲ್ಲಪ್ಪ" ಎಂದು ತಿರುಗಿ ಕೊಟ್ಟಳು. ಅತ್ತೆ ಗೋಡೆಯ ಮೆಟ್ಟಿಲು ಹತ್ತಿದಳು.

ಗೋಡೆಯ ಮೇಲೆ ಗಾಳಿಯೋ ಗಾಳಿ. ಊರಿನ ಸುತ್ತ ಗೋಡೆಯ ಮೇಲೇ ನಡೆದೆವು. ಬುರುಜು ಬಂದಾಗಲೆಲ್ಲ ಅತ್ತೆ ಫೋಟೋ ಎತ್ತಿ ಹಿಡಿದು ಒಂದು ಕಣ್ಣು ಮುಚ್ಚುತ್ತಿದ್ದಳು. ಒಂದು ಕಡೆ ಸಮುದ್ರ ಎಡಕ್ಕಿತ್ತು, ಆದರೆ ಬುರುಜು ಚೌಕ. ಇನ್ನೊಂದು ಕಡೆ ಬುರುಜು ದುಂಡಗಿತ್ತು, ಆದರೆ ಸಮುದ್ರ ಬಲಕ್ಕೆ. ಮಗುಚಿದ ನೆಗೆಟಿವ್‌ಗಳನ್ನು ಹಿಡಿದು ಮಾವನಿಗೆ ಎಷ್ಟೋ ಸಲ ಬೈದವಳು ಅವಳೇ; ಆದರೂ ದಿನಾ ಕಂಡ ಈ ಫೋಟೋದ ಮೇಲೆ ಅವಳಿಗೆ ಅನುಮಾನವೇ ಬರಲಿಲ್ಲ. ನನಗಂತೂ ತಲೆಯೇ ಓಡಲಿಲ್ಲ.

ಆ ದುಂಡು ಬುರುಜಿನ ಎದುರೇ ಅವಳು ಕುಸಿದು ಕೂತಳು. "ಬೇರೆ ಯಾವುದೋ ಊರು ಇದು" ಎಂದಳು ಫೋಟೋ ನೋಡುತ್ತ. "ಸುಳ್ಳು ಹೇಳಿದ್ರು ಕಣೇ ನಿಮ್ಮ ಮಾವ. ಕೇಳಿದ್ದಿದ್ರೆ ಫೋಟೋ ಇಲ್ಲದೇನೂ ಹೂಂ ಅಂತಿದ್ದೆ."

ನಾನು ಫೋನು ಹೊರತೆಗೆದು, "ಬಂದದ್ದಕ್ಕೆ ಒಂದು ಸೆಲ್ಫಿ ಆದ್ರೂ ತಗೊಳ್ಳೋಣ ಬಾ ಅತ್ತೆ" ಎಂದೆ.

"ಅದೂ ಒಂದು ಫೋಟೋನಾ? ಮೂತಿ ಮುಂದೆ ಮಾಡ್ಕೊಂಡು!" ಎಂದು ಗೊಣಗುತ್ತಲೇ ಎದ್ದಳು. ಇಬ್ಬರೂ ಬುರುಜಿಗೆ ಬೆನ್ನು ಮಾಡಿ ನಿಂತೆವು. ನಾನು ಫೋನು ಎತ್ತಿ ಹಿಡಿದೆ. ಅತ್ತೆ ಫೋನಿನ ತೆರೆಯ ಮೇಲೆ ಕಣ್ಣಿಟ್ಟವಳು ನನ್ನ ಕೈಯನ್ನು ಗಪ್ಪನೆ ಹಿಡಿದುಕೊಂಡಳು.

"ಅಲ್ಲಾಡಬೇಡ!"

ಫೋನಿನಲ್ಲಿ, ಕನ್ನಡಿಯಲ್ಲಿ ಕಂಡ ಹಾಗೆ, ನಮ್ಮಿಬ್ಬರ ಮುಖದ ಹಿಂದೆ ಸಮುದ್ರ ಎಡಕ್ಕಿತ್ತು. ಬಲಕ್ಕೆ ಮಾಡುಗಳು. ನಡುವೆ ಗೋಡೆ, ಗೋಡೆಯ ತುದಿಗೆ ದುಂಡು ಬುರುಜು, ಬುರುಜಿನ ನೆತ್ತಿಯಲ್ಲಿ ಹಲ್ಲು ಕಿತ್ತ ಸಂದು. ನಮ್ಮ ಸ್ಟುಡಿಯೋದ ಪರದೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ. ಅತ್ತೆ ಒಮ್ಮೆ ಹಿಂದಕ್ಕೆ ತಿರುಗಿ ನೋಡಿದಳು, ಮತ್ತೆ ಫೋನು ನೋಡಿದಳು.

"ಮಗುಚಿಟ್ಟಿದ್ದಾರೆ!" ಎಂದು ಕಿರುಚಿದಳು. "ಅಯ್ಯೋ ಮಹಾರಾಯ! ಇದನ್ನೂ ಮಗುಚಿಟ್ಟು ಪ್ರಿಂಟು ಹಾಕಿದ್ದಾರೆ ಕಣೇ! ಪೋಸ್ಟ್‌ಮ್ಯಾನ್ ಮಚ್ಚೆ ಹಾಗೇ! ಬಂದಿದ್ರು, ಇಲ್ಲೇ ನಿಂತಿದ್ರು!" ನಗುತ್ತಲೇ ಅತ್ತಳು. ಅಳುತ್ತಲೇ ಮಾವನಿಗೆ ಬಾಯಿತುಂಬ ಬೈದಳು. ಗೋಡೆಯ ಮೇಲಿದ್ದವರೆಲ್ಲ ತಿರುಗಿ ನೋಡಿದರು. ನನಗೂ ಕುಣಿಯುವಷ್ಟು ಖುಷಿಯಾಗಿತ್ತು.

ಆಮೇಲೆ ಕಣ್ಣೊರೆಸಿ, ಕೂದಲು ಸರಿಮಾಡಿಕೊಂಡು, ಜೀವಮಾನದಲ್ಲಿ ಮೊದಲ ಸಲ ಆ ಊರಿನ ಮುಂದೆ ನಿಂತಳು. ಹಳೆಯ ಫೋಟೋವನ್ನು ಎದೆಯ ಹತ್ತಿರ ಹಿಡಿದುಕೊಂಡಳು. ನಾನು ಪಕ್ಕಕ್ಕೆ ಸರಿದು ಬರಿ ಅವಳದೊಂದು ತೆಗೆದೆ, ಅದೇ ಸೆಲ್ಫಿ ಕ್ಯಾಮೆರಾದಲ್ಲಿ, ತೆರೆಯಲ್ಲಿ ಕಂಡ ಹಾಗೆಯೇ.

"ಅತ್ತೆ, ಇದರಲ್ಲಿ ನಿನ್ನ ವಾಚು ಬಲಗೈಗೆ ಬಂದುಬಿಟ್ಟಿದೆ. ನೇರ ಮಾಡ್ಲಾ?"

"ಮುಟ್ಟಿದ್ರೆ ನೋಡು!" ಎಂದು ಫೋನು ಕಿತ್ತುಕೊಂಡು ತೆರೆಯ ಮೇಲೆ ಬೆರಳಿಟ್ಟಳು. "ಅವರು ಕರ್ಕೊಂಡು ಬರ್ತೀನಿ ಅಂದದ್ದು ಈ ಊರಿಗೆ."