ಗುಡ್ಡ ಹತ್ತಿಸಿದ ಪ್ರಶ್ನೆ

ಶನಿವಾರ ಸಂಜೆಯ ಪೂಜೆಗೆ ಹೋದರೆ ಭಾನುವಾರದ ಪೂಜೆಗೆ ಹೋದ ಹಾಗೆಯೇ ಲೆಕ್ಕ ಎಂಬ ಅನುಕೂಲ ನಮ್ಮ ಚರ್ಚಿನಲ್ಲಿದೆ. ಅದನ್ನು ಮಾಡಿಕೊಟ್ಟವರ ಮೇಲೆ ನನಗೆ ಆ ವರ್ಷವೆಲ್ಲ ಸಿಟ್ಟಿತ್ತು. ಅದೊಂದು ಇಲ್ಲದಿದ್ದರೆ ಭಾನುವಾರ ಬೆಳಿಗ್ಗೆ ಚರ್ಚಿನ ಬೆಂಚಿನಲ್ಲಾದರೂ ಸ್ವಲ್ಪ ಹೊತ್ತು ಕುಳಿತಿರುತ್ತಿದ್ದೆ. ಅದು ಇದ್ದುದರಿಂದ, ಸರಿಯಾಗಿ ಬೆಳಕು ಹರಿಯುವ ಮೊದಲೇ ಮಂಗಳೂರಿನ ಪಂಪ್‌ವೆಲ್‌ನಲ್ಲಿ ಬಿ.ಸಿ. ರೋಡಿನ ಬಸ್ಸಿಗೆ ಕಾಯುತ್ತ ನಿಲ್ಲುವುದು ನನ್ನ ಪಾಲಿಗೆ ಬಂತು.

ನಾನು ನರ್ಸ್. ವಾರದ ಆರು ದಿನ ವಾರ್ಡಿನಲ್ಲಿ ನಿಂತೇ ಇರುವವಳು. ಏಳನೆಯ ದಿನ ಗುಡ್ಡ ಹತ್ತುವ ಹುಚ್ಚು ನನ್ನದಲ್ಲ, ನನ್ನ ಗಂಡನದು. ಮದುವೆಯಾದ ವರ್ಷವೇ ಅವರು ಗಲ್ಫಿಗೆ ಹೋಗಿ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆದರು. ವರ್ಷಕ್ಕೊಮ್ಮೆ ಒಂದು ತಿಂಗಳ ರಜೆಯಲ್ಲಿ ಬರುತ್ತಿದ್ದರು. ಪೆಟ್ಟಿಗೆ ಬಿಚ್ಚುವುದರಲ್ಲಿ ಅರ್ಧ ರಜೆ, ಮತ್ತೆ ಕಟ್ಟುವುದರಲ್ಲಿ ಇನ್ನರ್ಧ ಮುಗಿಯುತ್ತಿತ್ತು. ಕಳೆದ ಸಲ ಮಳೆಗಾಲದಲ್ಲಿ ಬಂದವರು ಪೆಟ್ಟಿಗೆ ಬಿಚ್ಚಿದರು, ಕಟ್ಟಲಿಲ್ಲ. ವಯಸ್ಸಾದವರನ್ನೆಲ್ಲ ಕಂಪೆನಿ ಮನೆಗೆ ಕಳುಹಿಸಿತ್ತು. ಇದನ್ನು ನನಗೊಬ್ಬಳಿಗೆ ಹೇಳಿ, ಸದ್ಯಕ್ಕೆ ಯಾರಲ್ಲೂ ಬಾಯಿ ಬಿಡಬೇಡ ಎಂದರು.

ನಮ್ಮ ಕಡೆ ಗಲ್ಫಿನಿಂದ ಬಂದವರನ್ನು ಜನ ಕೇಳುವುದು ಒಂದೇ ಪ್ರಶ್ನೆ: ವಾಪಸ್ ಯಾವಾಗ? ಕೆಟ್ಟ ಮನಸ್ಸಿನಿಂದ ಕೇಳುವುದಲ್ಲ. ಊಟ ಆಯಿತಾ ಎಂದು ಕೇಳುವ ಹಾಗೆ ಕೇಳುತ್ತಾರೆ, ಉತ್ತರ ಕಿವಿಗೆ ಬೀಳುವ ಮೊದಲೇ ಮುಂದೆ ಹೋಗಿರುತ್ತಾರೆ. ಇವರು ಮೊದಮೊದಲು ಬರುವ ತಿಂಗಳು ಎನ್ನುತ್ತಿದ್ದರು. ಆಮೇಲೆ ವೀಸಾದ ಕೆಲಸ ಸ್ವಲ್ಪ ಬಾಕಿ ಇದೆ ಎನ್ನತೊಡಗಿದರು. ಕ್ರಿಸ್‌ಮಸ್ ಬಂದು ಹೋಯಿತು, ವೀಸಾದ ಕೆಲಸ ಮುಗಿಯಲಿಲ್ಲ. ಮೀನಿನವಳು ಕೇಳುತ್ತಾಳೆಂದು ಮೀನು ತರುವುದನ್ನು ನನಗೆ ಬಿಟ್ಟರು. ಗುರುತಿನ ಕ್ಷೌರಿಕ ಕೇಳುತ್ತಾನೆಂದು ಕೂದಲು ಕತ್ತರಿಸಿಕೊಳ್ಳಲು ಬಲ್ಮಠದವರೆಗೆ ಹೋದರು. ಪೂಜೆಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು, ಕೊನೆಯ ಹಾಡು ಶುರುವಾಗುವಷ್ಟರಲ್ಲಿ ಗೇಟಿನ ಹೊರಗೆ ಇರುತ್ತಿದ್ದರು.

ಇದರ ನಡುವೆ ಡಾಕ್ಟರು ಸಕ್ಕರೆ ಕಾಯಿಲೆಗೆ ನಡೆಯಲೇಬೇಕು ಎಂದರು. ಹತ್ತಿರದ ಪಾರ್ಕಿನಲ್ಲಿ ಒಂದು ಸುತ್ತು ಮುಗಿಯುವುದರೊಳಗೆ ಅದೇ ಪ್ರಶ್ನೆಯ ಮೂವರು ಸಿಕ್ಕಿದರು. ಅಲ್ಲಿಂದ ಇವರು ಬಸ್ಸು ಹೋಗುವ, ಆದರೆ ಗುರುತಿನವರು ಹೋಗದ ಜಾಗಗಳನ್ನು ಹುಡುಕತೊಡಗಿದರು. ಯಾವ ಬಸ್ಸು ಎಲ್ಲಿಗೆ, ಎಲ್ಲಿ ಇಳಿದರೆ ಯಾವ ಗುಡ್ಡ ಎಂದು ಕಂಡಕ್ಟರುಗಳನ್ನೇ ನಿಲ್ಲಿಸಿ ವಿಚಾರಿಸಿಕೊಂಡರು. ಮೊದಲ ಸಲ ಒಬ್ಬರೇ ಹೋದಾಗ ಸಕ್ಕರೆ ಇಳಿದು, ತಲೆ ತಿರುಗಿ, ರಸ್ತೆ ಬದಿಯಲ್ಲಿ ಕುಸಿದು ಕುಳಿತಿದ್ದರಂತೆ. ನೋಡಿದವರು ಬೆಳಿಗ್ಗೆಯೇ ಕುಡಿದಿದ್ದಾನೆ ಎಂದುಕೊಂಡು ದೂರ ಸರಿದು ಹೋದರಂತೆ. ಅದನ್ನು ಕೇಳಿದ ಮೇಲೆ ನಾನು ಮನೆಯಲ್ಲಿ ಮಲಗುವುದು ಹೇಗೆ? ಚೀಲಕ್ಕೆ ಬಿಸ್ಕತ್ತು, ಗ್ಲೂಕೋಸ್ ಹಾಕಿಕೊಂಡು ಹೊರಟೆ. ಕಾಲಿಗೆ ಡ್ಯೂಟಿಯ ಶೂ. ಅವರ ಕಾಲಿನಲ್ಲಿ ಗಲ್ಫಿನಿಂದ ತಂದ ಹೊಸ ಶೂ ಹೊಳೆಯುತ್ತಿತ್ತು.

ಮೊದಲು ಹೋದದ್ದು ತುಂಬೆಯ ಅಣೆಕಟ್ಟಿನ ಕಡೆಗೆ. ಹೆದ್ದಾರಿಯಲ್ಲಿ ಇಳಿದು ನದಿಯ ದಂಡೆಯಲ್ಲಿ ನಡೆದೆವು. ನೇತ್ರಾವತಿ ಅಲ್ಲಿ ಹರಿಯುವುದನ್ನು ಮರೆತು ಸುಮ್ಮನೆ ತುಂಬಿ ನಿಂತಿತ್ತು. ನಮ್ಮ ಮನೆಯ ನಲ್ಲಿಯಲ್ಲಿ ಬರುವುದು ಈ ನೀರೇ ಎಂದು ಇವರು ಹೊಸ ವಿಷಯದ ಹಾಗೆ ಹೇಳಿದರು. ಬೇಸಿಗೆಯಲ್ಲಿ ದಿನ ಬಿಟ್ಟು ದಿನ ಬರುವ ಆ ನೀರನ್ನು ಇಷ್ಟು ವರ್ಷ ಹಿಡಿದು ತುಂಬಿಸಿಟ್ಟವಳು ನಾನು. ಹೌದಾ ಎಂದೆ. ಆಮೇಲೆ ಮೇಲ್ಕಾರಿನ ಆಚೆ ನರಹರಿ ಗುಡ್ಡ, ಮತ್ತೆ ಅಣೆಕಟ್ಟು, ಮತ್ತೆ ಗುಡ್ಡ. ಚಂದವಿರಲಿಲ್ಲ ಎನ್ನುವುದಿಲ್ಲ. ನರಹರಿಯ ಮೇಲೆ ನಿಂತರೆ ಒಳ್ಳೆಯ ಗಾಳಿ ಬರುತ್ತದೆ. ಆದರೆ ನಾನು ಆ ಗಾಳಿಯಲ್ಲಿ ನಿಂತು ಯೋಚಿಸುತ್ತಿದ್ದದ್ದು, ಇಲ್ಲಿ ಒಂದು ಚಾಪೆ ಇದ್ದರೆ ಮಲಗಬಹುದಿತ್ತು ಎಂದು.

ನಮ್ಮ ಬಸ್ಸುಗಳಲ್ಲಿ ಹೆಂಗಸರಿಗೆ ಮುಂದೆ, ಗಂಡಸರಿಗೆ ಹಿಂದೆ. ಹತ್ತುವುದೂ ಇಳಿಯುವುದೂ ಬೇರೆ ಬೇರೆ ಬಾಗಿಲಿನಲ್ಲಿ. ಹಾಗಾಗಿ ಜೊತೆಯಾಗಿ ಹೋದೆವು ಎನ್ನುವುದು ಹೆಸರಿಗೆ ಮಾತ್ರ. ಪ್ರತಿ ಸ್ಟಾಪಿನಲ್ಲಿ ನಾನು ಕತ್ತು ತಿರುಗಿಸಿ, ನಿಂತವರ ಸಂದಿಯಿಂದ ಅವರ ತಲೆ ನೆಟ್ಟಗಿದೆಯೇ ನೋಡುತ್ತಿದ್ದೆ. ವಾರ್ಡಿನಲ್ಲಿ ಮಾಡುವ ಕೆಲಸವೇ ಅದು, ರಜೆಯ ದಿನವೂ ಬಿಡಲಿಲ್ಲ. ಸೋಮವಾರ ಡ್ಯೂಟಿಗೆ ಹೋದರೆ ಜೊತೆಯ ನರ್ಸುಗಳು ನಿನ್ನೆ ಚೆನ್ನಾಗಿ ರೆಸ್ಟ್ ಆಯಿತಾ ಎಂದು ಕೇಳುವರು. ಅವರನ್ನು ಎಂತ ಮಾಡುವುದು?

ಕೊನೆಗೆ ನನ್ನ ತಾಳ್ಮೆ ಕಾರಿಂಜದಲ್ಲಿ ಒಡೆಯಿತು. ಬಿ.ಸಿ. ರೋಡಿನಲ್ಲಿ ಬಸ್ಸು ಬದಲಿಸಿ, ವಗ್ಗದಲ್ಲಿ ಇಳಿದು, ಬಿಸಿಲಿನಲ್ಲಿ ಒಳರಸ್ತೆ ನಡೆದು ಬೆಟ್ಟದ ಬುಡ ಸೇರಿದ್ದೆವು. ಬೆಟ್ಟದ ಮೇಲೆ ದೇವಸ್ಥಾನವಿದೆ, ಅಲ್ಲಿಯವರೆಗೆ ಕಲ್ಲಿನ ಮೆಟ್ಟಿಲು, ಮೆಟ್ಟಿಲ ತುಂಬ ಮಂಗಗಳು. ಹಿಂದಿನ ದಿನ ವಾರ್ಡಿನಲ್ಲಿ ಒಬ್ಬಳು ರಜೆ ಹಾಕಿದ್ದರಿಂದ ಅವಳ ಪಾಲಿನ ಕೆಲಸವನ್ನೂ ಮಾಡಿ ಬಂದಿದ್ದೆ. ಅರ್ಧ ಹತ್ತಿ, ಬಿಸ್ಕತ್ತಿನ ಪೊಟ್ಟಣ ಕೈಗೆ ತೆಗೆದುಕೊಂಡೆನೋ ಇಲ್ಲವೋ, ಒಂದು ದಡಿಯ ಮಂಗ ಬಂದು ತನ್ನದೇ ಸಾಮಾನು ಎಂಬಂತೆ ಕಿತ್ತುಕೊಂಡು ಹೋಯಿತು. ಎದುರಿನ ಬಂಡೆಯ ಮೇಲೆ ಕುಳಿತು, ನನ್ನನ್ನು ನೋಡುತ್ತ ತಿನ್ನತೊಡಗಿತು. ಇವರು ನಕ್ಕರು. ನಾನು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

"ಏಳು ಮಾರಾಯ್ತಿ, ಇನ್ನು ಸ್ವಲ್ಪವೇ ಉಂಟು" ಎಂದರು.

"ನನಗೆ ಆಗುವುದಿಲ್ಲ" ಎಂದೆ. "ಇವತ್ತು ಮಾತ್ರ ಅಲ್ಲ, ಇನ್ನು ಆಗುವುದಿಲ್ಲ. ನಿಮಗೆ ಜನರ ಬಾಯಿಗೆ ಹೆದರಿಕೆ. ಅದಕ್ಕೆ ನನ್ನ ಕಾಲು ಯಾಕೆ ಸವೆಯಬೇಕು?"

ಹೇಳಿದ್ದು ಕೂಗಿ ಅಲ್ಲ. ಕೂಗುವಷ್ಟು ಶಕ್ತಿಯೂ ಇರಲಿಲ್ಲ. ಅವರ ಮುಖ ಬಾಡಿತು. ನನಗೆ ಪಾಪ ಎನಿಸಿತು, ಆದರೆ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ. ಅವರು ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಇಳಿಯಲಿಲ್ಲ. ನನಗಿಂತ ಎರಡು ಮೆಟ್ಟಿಲು ಕೆಳಗೆ ಕುಳಿತು ಹೊಸ ಶೂವಿನ ಲೇಸನ್ನು ಬಿಚ್ಚಿ ಕಟ್ಟಿ ಮಾಡುತ್ತಿದ್ದರು. ನಾನು ಗ್ಲೂಕೋಸ್ ಕಲಸಿ ಕೊಟ್ಟೆ, ಕುಡಿದರು. ದೇವಸ್ಥಾನದ ಗಂಟೆಯ ಶಬ್ದ ಮೇಲಿನಿಂದ ಕೇಳುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಇಬ್ಬರೂ ಎದ್ದು ಕೆಳಗಿಳಿದೆವು. ವಗ್ಗದವರೆಗೆ ನಡೆದು ಬಸ್ಸು ಹಿಡಿದೆವು.

ಬಿ.ಸಿ. ರೋಡಿನಲ್ಲಿ ಮಂಗಳೂರಿನ ಬಸ್ಸು ಹತ್ತಿದೆವು. ನಾನು ಮುಂದೆ, ಅವರು ಹಿಂದೆ. ಫರಂಗಿಪೇಟೆಯಲ್ಲಿ ಒಂದಷ್ಟು ಜನ ಹತ್ತಿದರು. ಬಸ್ಸು ಹೊರಟ ಕೂಡಲೇ ಹಿಂದಿನಿಂದ ಒಂದು ಗಟ್ಟಿ ಸ್ವರ ಕೇಳಿತು. ಯಾರೆಂದು ನೋಡಬೇಕಾಗಿರಲಿಲ್ಲ. ನಮ್ಮ ಮನೆಯ ಹಿಂದಿನ ಓಣಿಯವರು, ತುಳು ಮಾತಾಡುವ ಮನೆಯವರು, ಒಂದು ಹಾರ್ಡ್‌ವೇರ್ ಅಂಗಡಿ ಇಟ್ಟವರು. ಅವರು ಗುಟ್ಟು ಹೇಳಿದರೂ ಇಡೀ ಬಸ್ಸಿಗೆ ಕೇಳುತ್ತದೆ.

"ಓ, ನೀವಾ! ಎಂತ ಈ ಕಡೆ? ಮತ್ತೆ ವಾಪಸ್ ಯಾವಾಗ?"

ಇಷ್ಟು ದಿನ ಪ್ರತಿ ಸ್ಟಾಪಿನಲ್ಲೂ ತಿರುಗಿ ನೋಡುತ್ತಿದ್ದವಳು, ಈಗ ತಿರುಗಲಿಲ್ಲ. ಎದುರಿನ ಗಾಜಿನಲ್ಲಿ ಓಡುತ್ತಿದ್ದ ರಸ್ತೆಯನ್ನೇ ನೋಡುತ್ತ ಕುಳಿತೆ. ವೀಸಾದ ಕೆಲಸ ಎಂಬ ಉತ್ತರ ನನ್ನ ಬಾಯಲ್ಲೇ ಸಿದ್ಧವಾಗಿತ್ತು, ಅಷ್ಟು ಸಲ ಕೇಳಿದ್ದೆ. ಕಂಡಕ್ಟರನ ವಿಸಿಲ್ ಆಯಿತು. ಬಸ್ಸು ಒಂದು ಲಾರಿಯನ್ನು ದಾಟಿತು.

"ಇಲ್ಲ ಮಾರಾಯ್ರೆ, ಇನ್ನು ಹೋಗುವುದಿಲ್ಲ" ಎಂದರು ಇವರು. "ಅಲ್ಲಿ ಸಾಕು ಅಂತ ಕಳಿಸಿದರು. ಇನ್ನು ಇಲ್ಲೇ."

"ಹೌದಾ? ಒಳ್ಳೆದಾಯ್ತು ಬಿಡಿ" ಎಂದರು ಅಂಗಡಿಯವರು. ಅಷ್ಟೇ. ಅವರ ಮಾತು ಅಲ್ಲಿಂದ ನೇರ ಪಂಪ್‌ವೆಲ್ ಫ್ಲೈಓವರಿನ ಅಡಿಯಲ್ಲಿ ಮಳೆಗೆ ನಿಲ್ಲುವ ನೀರಿಗೆ ಹೋಯಿತು. ಅದಕ್ಕೆ ಮಾತ್ರ ಅವರ ಹತ್ತಿರ ಹೇಳಲು ತುಂಬ ಇತ್ತು, ಪಡೀಲು ದಾಟುವವರೆಗೂ ಮುಗಿಯಲಿಲ್ಲ.

ನನಗೆ ಹಗುರವೆನಿಸಿತು, ಸುಳ್ಳಲ್ಲ. ಅದರ ಹಿಂದೆಯೇ ಕೆಟ್ಟ ಸಿಟ್ಟೂ ಬಂತು. ಒಂದು ‘ಒಳ್ಳೆದಾಯ್ತು ಬಿಡಿ’ಯಲ್ಲಿ ಮುಗಿಯುವ ವಿಷಯಕ್ಕೆ ನಾನು ಇಷ್ಟೊಂದು ಗುಡ್ಡ ಹತ್ತಿದ್ದೆ. ಪಕ್ಕದಲ್ಲಿ ಕುಳಿತ ಹೆಂಗಸು ಅಕ್ಕಾ, ಹುಷಾರಿಲ್ಲವಾ ಎಂದು ಕೇಳಿದಾಗ ಕಣ್ಣು ಒದ್ದೆಯಾಗಿದೆ ಎಂದು ತಿಳಿಯಿತು. ಸುಸ್ತು ಎಂದೆ.

ಪಂಪ್‌ವೆಲ್‌ನಲ್ಲಿ ನಾನು ಮುಂದಿನ ಬಾಗಿಲಿನಿಂದ ಇಳಿದೆ, ಅವರು ಹಿಂದಿನದರಿಂದ. ಹತ್ತಿರ ಬಂದು ನನ್ನ ಹೆಗಲಿನ ಚೀಲ ತೆಗೆದುಕೊಂಡರು.

"ಬರುವ ಆದಿತ್ಯವಾರ ಎಲ್ಲಿಗೂ ಬೇಡ. ನೀನು ಮಲಗು" ಎಂದರು.

ಆ ಭಾನುವಾರ ಅಭ್ಯಾಸಬಲದಿಂದ ನಸುಕಿನಲ್ಲೇ ಎಚ್ಚರವಾಯಿತು. ಅವರು ಚಪ್ಪಲಿ ಹಾಕಿಕೊಂಡು ಹೊರಗೆ ಹೋಗುವ ಸದ್ದು ಕೇಳಿತು. ಎದ್ದು ಜೊತೆಗೆ ಹೋಗಬೇಕೇ ಎಂದು ಒಂದು ಕಾಲನ್ನು ನೆಲಕ್ಕೆ ಇಟ್ಟವಳು ಹಾಗೇ ಕುಳಿತೆ. ಗುರುತಿಲ್ಲದ ಊರಿನಲ್ಲಿ ಬಿದ್ದರೆ ಎತ್ತಲು ನಾನೊಬ್ಬಳೇ ಇದ್ದೆ. ನಮ್ಮ ಬೀದಿಯಲ್ಲಿ ಬಿದ್ದರೆ ಕುಡಿದಿದ್ದಾನೆ ಎಂದು ಯಾರೂ ದಾಟಿ ಹೋಗುವುದಿಲ್ಲ. ವಾಪಸ್ ಯಾವಾಗ ಎಂದು ಕೇಳುವ ಜನರೇ ಓಡಿ ಬಂದು ಎತ್ತುತ್ತಾರೆ. ಕಾಲನ್ನು ಮತ್ತೆ ಹೊದಿಕೆಯೊಳಗೆ ಎಳೆದುಕೊಂಡೆ. ಎಷ್ಟು ಹೊತ್ತು ಮಲಗಿದೆನೋ ಗೊತ್ತಿಲ್ಲ. ಎದ್ದಾಗ ಬಿಸಿಲು ಕಿಟಕಿ ದಾಟಿ ಒಳಗೆ ಬಂದಿತ್ತು.

ಅಡುಗೆಮನೆಯಲ್ಲಿ ಅವರು ಕುರ್ಚಿ ಎಳೆದುಕೊಂಡು ಕುಳಿತಿದ್ದರು. ಎದುರಿಗೆ ಬಂಗುಡೆ ಮೀನಿನ ಚೀಲ ಇನ್ನೂ ಬಿಚ್ಚದೆ ಬಿದ್ದಿತ್ತು. ಮೀನಿನವಳು ಕೇಳಿದಳಂತೆ, ಪೇಪರಿನ ಅಂಗಡಿಯವನು ಕೇಳಿದನಂತೆ, ಹಳೆಯ ಕ್ಷೌರಿಕ ಕತ್ತರಿ ಹಿಡಿದುಕೊಂಡೇ ಹೊರಗೆ ಬಂದು ಕೇಳಿದನಂತೆ. ಎಲ್ಲರಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿ ಬಂದಿದ್ದರು. ಹಣೆಯಲ್ಲಿ ಬೆವರಿತ್ತು. ನಾನು ಬಿಸ್ಕತ್ತಿನ ಡಬ್ಬ ತಂದು ಮುಂದಿಟ್ಟೆ. ಬೇಡವೆಂದು ಕೈ ಆಡಿಸಿದರು.

"ಸಕ್ಕರೆ ಅಲ್ಲ ಮಾರಾಯ್ತಿ" ಎಂದರು. "ಇದಕ್ಕಿಂತ ಆ ಗುಡ್ಡವೇ ಸುಲಭ ಇತ್ತು."

ನಾನು ಇನ್ನೊಂದು ಕುರ್ಚಿ ಎಳೆದು ಅವರ ಪಕ್ಕದಲ್ಲಿ ಕುಳಿತೆ. ಮೀನು ಸ್ವಲ್ಪ ಹೊತ್ತು ಹಾಗೆಯೇ ಇತ್ತು.