ಆರು ಕುರ್ಚಿಯ ಊಟದ ಕೋಣೆ

ಕಾರವಾರದ ಹತ್ತಿರ ಶಿರವಾಡದಲ್ಲಿ ಮನೆ ಕಟ್ಟಿಸುವಾಗ ನನ್ನ ಗಂಡನಿಗೆ ಊಟದ ಕೋಣೆಯ ಹುಚ್ಚು ಹಿಡಿಯಿತು. ಬಚ್ಚಲು, ಮಲಗುವ ಕೋಣೆ ಎಲ್ಲವನ್ನೂ ಮೇಸ್ತ್ರಿಗೆ ಬಿಟ್ಟುಕೊಟ್ಟ ಮನುಷ್ಯ, ಇದೊಂದಕ್ಕೆ ಮಾತ್ರ ಪಣಜಿಯಿಂದ ಡಿಸೈನರ್ ಒಬ್ಬನನ್ನು ಕರೆಸಿದರು. ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣಬೇಕು ಎಂಬುದು ಅವರ ಘೋಷಣೆ. ಅವರ್ಸಾದ ನಮ್ಮ ಹಳೇ ಮನೆಯಲ್ಲಿ ಗಂಡಸರು ಉಂಡೆದ್ದ ಮೇಲೆ ಮಕ್ಕಳು, ಮಕ್ಕಳದ್ದು ಮುಗಿದ ಮೇಲೆ ಉಳಿದದ್ದಕ್ಕೆ ಹೆಂಗಸರು. ಹಾಗಾಗಿ ಆ ಘೋಷಣೆಯನ್ನು ನಾನೂ ನಂಬಿದೆ.

ಡಿಸೈನರ್ ಕಾರವಾರದ ಸೆಕೆಯಲ್ಲೂ ತುಂಬುತೋಳಿನ ಕಪ್ಪಂಗಿ ತೊಟ್ಟು ಬಂದ. ನನ್ನ ಗಂಡನೊಡನೆ ಬಹಳ ಹೊತ್ತು ಮಾತಾಡಿ, ಚಹಾ ತಂದಿಟ್ಟ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಯಾವ ಬಣ್ಣ ಇಷ್ಟ? ಬಣ್ಣ ಯಾವುದಾದರೂ ಆಗಲಿ, ನಾವು ಮೀನು ಉಣ್ಣುವ ಜನ, ಕೈ ತೊಳೆಯುವ ಬೇಸಿನ್ ಮೇಜಿನ ಹತ್ತಿರವೇ ಇರಲಿ ಎಂದೆ. ಚಿಕ್ಕ ಮಕ್ಕಳ ಮಾತಿಗೆ ನಗುವ ಹಾಗೆ ನಕ್ಕು, ಬೇಸಿನ್ ಕಣ್ಣಿಗೆ ಬಿದ್ದರೆ ಕೋಣೆಯ ಅಂದ ಕೆಡುತ್ತದೆ ಎಂದ. ನನ್ನ ಗಂಡ ತಲೆಯಾಡಿಸಿದರು.

ಮುಂದಿನ ವಾರ ಮೊಬೈಲಿಗೆ ಚಿತ್ರ ಬಂತು. ಗಾಜಿನ ಮೇಜು, ಬಿಳಿ ಬಟ್ಟೆ ಹೊದಿಸಿದ ಕುರ್ಚಿಗಳು, ನಡುವೆ ಬಟ್ಟಲಲ್ಲಿ ಹಸಿರು ಸೇಬು. ಒಂದು ಅನ್ನದ ಅಗುಳಿಲ್ಲ, ಒಬ್ಬ ಮನುಷ್ಯನೂ ಇಲ್ಲ. ಇದನ್ನೇ ನನ್ನ ಗಂಡ ಕಚೇರಿಯವರಿಗೆಲ್ಲ ತೋರಿಸಿಕೊಂಡು ಬಂದರು.

ಮನೆ ಹೊಕ್ಕ ಮೊದಲ ಭಾನುವಾರ ಬಂಗಡೆ ಸಾರು ಮಾಡಿದ್ದೆ. ಮಾವ, ಅತ್ತೆ, ಮೈದುನ, ನಮ್ಮ ಇಬ್ಬರು ಮಕ್ಕಳು, ನನ್ನ ಗಂಡ ಕೂತರು. ಕುರ್ಚಿ ಮುಗಿದವು. ಏಳು ಜನರ ಮನೆಗೆ ಆರು ಕುರ್ಚಿ! ಅನ್ನದ ಪಾತ್ರೆ ಹಿಡಿದು ನಿಂತು, ನನ್ನದೆಲ್ಲಿ ಎಂದು ಕೇಳಿದೆ. ಆರೇ ಸೆಟ್ಟಿನಲ್ಲಿ ಬರುವುದು ಎಂದರು ನನ್ನ ಗಂಡ, ಮುಳ್ಳು ಬಿಡಿಸುತ್ತ.

"ಬಡ್ಸೂಕೆ ಒಬ್ರು ನಿಲ್ಲೂಕೇ ಬೇಕಲ" ಎಂದರು ಅತ್ತೆ. "ನಾವೆಲ್ಲ ಕಡೆಗೇ ಉಂಡವ್ರು."

ಜನ್ಮವಿಡೀ ತಣ್ಣಗಾದ ಸಾರು ಉಂಡ ಹೆಂಗಸು, ಮೊದಲ ಸಲ ಕುರ್ಚಿ ಸಿಕ್ಕ ಕೂಡಲೇ ಆಡಿದ ಮಾತಿದು. ನನಗೆ ಸಿಟ್ಟಿಗಿಂತ ಹೇಸಿಗೆ ಹೆಚ್ಚಾಯಿತು. ಊಟ ಮುಗಿಸಿದವರೆಲ್ಲ ಸಾರಿನ ಕೈಯನ್ನು ಮೇಲೆತ್ತಿಕೊಂಡು, ಸೋಫಾ ದಾಟಿ, ಹಾಲ್‌ನ ಮೂಲೆಯಲ್ಲಿ ಬಚ್ಚಿಟ್ಟ ಬೇಸಿನ್ನಿಗೆ ಸಾಲಾಗಿ ಹೋದರು. ಬಿಳಿ ಕುರ್ಚಿಯ ಮೇಲೆ ಅರಿಶಿನದ ಬೆರಳಚ್ಚು ಮೂಡಿತ್ತು. ನಾನು ಒಲೆಯ ಪಕ್ಕ ನಿಂತು ಉಂಡೆ.

ಮಳೆಗಾಲ ಪೂರ್ತಿ ಹಾಗೇ ಉಂಡೆ. ಬಂದ ನೆಂಟರಿಗೆಲ್ಲ ನನ್ನ ಗಂಡ, ನಮ್ಮಲ್ಲಿ ಎಲ್ಲರೂ ಒಟ್ಟಿಗೇ ಊಟ ಎಂದು ಕೊಚ್ಚಿಕೊಳ್ಳುತ್ತಿದ್ದರು. ಹಾಗೆ ಹೇಳುವಾಗಲೂ ಅವರ ತಟ್ಟೆಗೆ ಅನ್ನ ಹಾಕುತ್ತಿದ್ದವಳು ನಾನೇ.

ಒಂದು ಭಾನುವಾರ ತಿಸ್ರೆ ಚಿಪ್ಪಿನ ಸುಕ್ಕ ಮಾಡಿ, ಅನ್ನ, ಸಾರು, ಕಢಿ ಎಲ್ಲವನ್ನೂ ಪಾತ್ರೆ ಸಮೇತ ಮೇಜಿನ ನಡುವೆ ತಂದಿಟ್ಟೆ. ಎಲ್ಲರನ್ನೂ ಕರೆದು ನಾನೂ ಒಂದು ಕುರ್ಚಿಯಲ್ಲಿ ಕೂತೆ. ಸ್ನಾನ ಮುಗಿಸಿ ಬಂದ ನನ್ನ ಗಂಡ ಮೇಜನ್ನು ಒಂದು ಸುತ್ತು ಹಾಕಿದರು.

"ನಾ ಎಲ್ಲಿ ಕೂತ್ಕಳ್ಲಿ?"

"ಆರೇ ಸೆಟ್ಟಿನಲ್ಲಿ ಬರೂದಲ್ದಾ" ಎಂದೆ.

ಮೈದುನ ಎದ್ದು ಜಾಗ ಬಿಡಲು ನೋಡಿದ. ಕೂತ್ಕೋ ಎಂದು ಅವನ ತಟ್ಟೆಗೆ ಇನ್ನಷ್ಟು ತಿಸ್ರೆ ಹಾಕಿದೆ. ಮಾವ ತಲೆ ಎತ್ತಲಿಲ್ಲ. ನನ್ನ ಗಂಡ ಬಾಲ್ಕನಿಯಿಂದ ಪ್ಲಾಸ್ಟಿಕ್ ಕುರ್ಚಿ ತಂದರು. ಅದು ಗಿಡ್ಡ, ಮೇಜು ಅವರ ಎದೆಮಟ್ಟಕ್ಕೆ ಬಂತು. ಕಚೇರಿಯಲ್ಲಿ ಹತ್ತಾರು ಜನರಿಗೆ ಹುಕುಂ ಕೊಡುವವರು ಗದ್ದ ಎತ್ತಿಕೊಂಡು ಉಂಡರು. ಮಕ್ಕಳು ನಗು ತಡೆದುಕೊಂಡರು, ನಾನು ತಡೆಯಲಿಲ್ಲ.

ಅತ್ತೆ ಮಾತ್ರ ಬಿಸಿ ಸುಕ್ಕ ಬಾಯಿಗಿಟ್ಟುಕೊಳ್ಳುತ್ತ ನನ್ನ ಕಡೆ ನೋಡಿ, "ನೀ ಮೊದ್ಲೇ ಹಿಂಗೆ ಮಾಡೂದಾಗಿತ್ತು" ಎಂದರು. ಅತ್ತೆಯ ನ್ಯಾಯ ಎಂದರೆ ಹೀಗೆ, ಗಾಳಿ ಬಂದ ಕಡೆ ತೂರಿಕೊಳ್ಳುವುದು.

ಅದೇ ವಾರ ಅಂಕೋಲೆಯ ಬಡಗಿಯನ್ನು, ಜೊತೆಗೆ ಪ್ಲಂಬರನನ್ನು ನಾನೇ ಕರೆಸಿದೆ. ಕಿಟಕಿಯುದ್ದಕ್ಕೂ ಗೋಡೆಗೆ ತಾಗಿಸಿ ಒಂದು ಬೆಂಚು, ಒರೆಸಿದರೆ ಸಾಕಾಗುವ ಹಲಸಿನ ಹಲಗೆಯ ಮೇಜು, ಕೈಯಳತೆಯಲ್ಲಿ ಬೇಸಿನ್. ಬೆಂಚಿನಲ್ಲಿ ಎಷ್ಟು ಜನ ಹಿಡಿಯುತ್ತಾರೆ ಎಂಬ ಲೆಕ್ಕವಿಲ್ಲ, ಸರಿದರೆ ಜಾಗ. ಗಾಜಿನ ಮೇಜು, ಆರು ಕುರ್ಚಿ ಸಮೇತ, ಮೈದುನನ ಗೆಳೆಯನ ಅಂಗಡಿಗೆ ಹೋಯಿತು. ಈಗ ಪಾತ್ರೆ ನಡುವೆ, ಬೇಕಾದವರು ಬಡಿಸಿಕೊಳ್ಳುತ್ತಾರೆ. ಮಾವ ಕೂಡ, ಚೆಲ್ಲಿಕೊಂಡಾದರೂ.

ಮನೆಗೆ ಬಂದವರಿಗೆ ನನ್ನ ಗಂಡ ಈಗಲೂ ಭಾಷಣ ಮಾಡುತ್ತಾರೆ. ಊಟದ ಜಾಗ ಎಂದರೆ ಸಾದಾ ಇರಬೇಕು, ಬೆಂಚೇ ಒಳ್ಳೆಯದು, ಬೇಸಿನ್ ಹತ್ತಿರ ಇರಬೇಕು ಎಂದು ಆ ಡಿಸೈನರನ ದನಿಯಲ್ಲೇ ವಿವರಿಸುತ್ತಾರೆ. ಇದೆಲ್ಲ ಯಾರ ಆಲೋಚನೆ ಎಂದು ಯಾರೂ ಕೇಳುವುದಿಲ್ಲ. ನಾನೂ ಹೇಳುವುದಿಲ್ಲ. ಅವರ ಭಾಷಣ ಮುಗಿಯುವಷ್ಟರಲ್ಲಿ ನನ್ನ ಊಟ ಅರ್ಧ ಆಗಿರುತ್ತದೆ.